ಬಲಗಿವಿಯ ಕಡೆ

ಬೀಟ್ ಪುಸ್ತಕದಲ್ಲೊಂದು ಕಾಲಂ ಇದೆ:
‘ಭೇಟಿಯಾದವರ ಸಹಿ’.
ಬೈತಖೋಲದ ಪುಟದಲ್ಲಿ ಅದು
ಸಂಜೆ ತೊಳೆದು ಕವುಚಿಟ್ಟ ಮೀನುಬುಟ್ಟಿ.

ನಾನು ಇಂಡಿ ತಾಲೂಕಿನವನು.
ಸಮುದ್ರ ಮೊದಲ ಸಲ ಕಂಡಾಗ
ಕೈಯಲ್ಲಿ ವರ್ಗಾವಣೆ ಆರ್ಡರ್ ಇತ್ತು.
ಬಂಗಡೆ ಯಾವುದು, ತಾರ್ಲೆ ಯಾವುದು ಅರಿಯದವನ ಮುಂದೆ
ಓಣಿಯ ಬಾಗಿಲು ಒಂದೊಂದೇ ಮುಚ್ಚಿದವು,
ಸಪ್ಪಳವಿಲ್ಲದೆ,
ಒಳಗೆ ಕೂಸು ಮಲಗಿದೆ ಎಂಬಂತೆ.

ಶೇವಂತಿ ತಾಂಡೇಲಳ ಅಂಗಡಿಗೆ ಬಾಗಿಲೇ ಇಲ್ಲ.
ಒಂದು ಮಣೆ, ಒಂದು ಕತ್ತಿ, ಮೇಲೊಂದು ನೀಲಿ ತಾಡಪಾಲು.
ಖಾಕಿ ಕಂಡದ್ದೇ ಆರು ಬಂಗಡೆ ಸುತ್ತಿ ಮುಂದಿಟ್ಟಳು.
ಮುಖ ನೋಡಲಿಲ್ಲ.
‘ಎಷ್ಟು?’
‘ನಿಮಗೆಂಥಾ ರೇಟು, ಒಯ್ಯಿರಿ.’
ಅದು ಧಾರಾಳವಲ್ಲ, ಸುಂಕ
ಎಂದು ತಿಳಿಯಲು ಒಂದು ವಾರ ಹಿಡಿಯಿತು ನನಗೆ.

ನೂರರ ನೋಟು ಇಟ್ಟೆ. ಮುಟ್ಟಲಿಲ್ಲ.
ಮರುದಿನವೂ ಇಟ್ಟೆ, ಗಾಳಿ ಒಯ್ದೀತೆಂದು ಮೇಲೆ ತೂಕದ ಕಲ್ಲು.
ಮೂರನೇ ದಿನ ನೋಡಿದರೆ
ಎರಡೂ ನೋಟು ಅದೇ ಕಲ್ಲಿನಡಿ,
ಮೀನಿನ ನೀರು ಕುಡಿದು ಮೆತ್ತಗೆ.

ಅವಳ ಹಿಂದೆ ಮಗ, ಬಲೆ ಹೆಣೆಯುತ್ತಿದ್ದ. ರೋಹಿದಾಸ.
ಮಾತಾಡಿಸಿದೆ. ತಿರುಗಲಿಲ್ಲ.
ಸೊಕ್ಕು, ಅಂದುಕೊಂಡೆ.

ಠಾಣೆಯ ಹಳೇ ಡೈರಿಯಲ್ಲಿ ಸಿಕ್ಕ.
ಮಾಜಾಳಿ ದಾಟಿ ಬಂದ ಗೋವಾ ಬಾಟಲಿ, ಎರಡು ಬಾಕ್ಸು,
ಯಾರದೋ; ಇವನ ದೋಣಿಯ ಪಕ್ಕ.
ಒಂದು ರಾತ್ರಿ.
ಕೊನೆಗೆ ದುಂಡಗಿನ ಅಕ್ಷರದಲ್ಲಿ
‘ವಿಚಾರಿಸಿ ಬಿಡಲಾಯಿತು’.
ಎರಡೇ ಪದ.
ಅವುಗಳ ನಡುವಿನ ಸಂದಿಯಲ್ಲಿ
ಒಂದು ಎಡಗಿವಿ ಬಿದ್ದುಹೋಗಿತ್ತು.

ಹೊಡೆದವ ನಾನಲ್ಲ, ಎನ್ನಬಹುದಿತ್ತು.
ಅಂಗಿ ಅದೇ ಅಲ್ಲವೇ.
ಮರುದಿನದಿಂದ ಅವನ ಬಲಗಡೆ ನಿಂತು ಮಾತಾಡಿದೆ,
ಅಷ್ಟೇ ತಿಳಿಯಿತು ನನಗೆ.

ಮೇಲಿನವರು ಜನಸ್ನೇಹಿ ಸಭೆ ಕರೆದರು.
ಶಾಮಿಯಾನ, ಬ್ಯಾನರು, ಲಿಂಬು ಶರಬತ್ತು.
ಎಂಬತ್ತು ಕುರ್ಚಿ; ಹನ್ನೊಂದು ಜನ,
ಅದರಲ್ಲಿ ಒಂಬತ್ತು ನಾವೇ.
ಫೋಟೋ ಮಾತ್ರ ಚೆನ್ನಾಗಿ ಬಂತು.

ಆಗಸ್ಟ್ ಮೊದಲ ವಾರ, ದೋಣಿ ನೀರಿಗಿಳಿದ ಮೂರನೇ ರಾತ್ರಿ,
ಹನ್ನೆರಡೂವರೆಗೆ
ಠಾಣೆಯ ಗೇಟಿನಾಚೆ ಬೀದಿದೀಪದಡಿ ಯಾರೋ.
ಶೇವಂತಿ. ಸೆರಗು ಒದ್ದೆ.
‘ಎಂಜಿನ್ ಬಿಚ್ಚಿಕೊಂಡು ಹೋಗಿದ್ದಾರೆ.’
ಒಳಗೆ ಬನ್ನಿ, ಅಂದೆ.
‘ನಾಕಾ. ಒಳಗೆ ನಾನು ಬರೋದಿಲ್ಲ.
ನೀನೇ ಹೊರಗೆ ಬಾ.’

‘ನೀನು’ ಎಂದಳು, ಮೊದಲ ಸಲ.

ಸ್ಟೂಲು ಹೊರಗೆ ತಂದೆ, ಅವಳಿಗೆ.
ಬೈಕಿನ ಸೀಟಿನ ಮೇಲೆ ಕಾಗದ ಹಾಸಿ ಬರೆದೆ.
ದೂರದಲ್ಲಿ ದೇವಗಡದ ದೀಪ
ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು.
ಓದಿ ಹೇಳಿದೆ. ಅವಳು
‘ಹಳೆಯದನ್ನೂ ಬರಿ’ ಅಂದಳು.
ಯಾವುದು?
ಉತ್ತರ ಕೊಡದೆ ತನ್ನ ಕಿವಿ ಮುಟ್ಟಿಕೊಂಡಳು.
ಪೆನ್ನು ತುಸು ಹೊತ್ತು ನಿಂತಿತು, ಸುಳ್ಳು ಹೇಳಲಾರೆ.
ಆಮೇಲೆ ಬೇರೆ ಹಾಳೆ ತೆಗೆದೆ.
ಡೈರಿಯ ತಾರೀಖು ಬಾಯಿಪಾಠವಿತ್ತು ನನಗೆ.

ಎಂಜಿನ್ ಇನ್ನೂ ಸಿಕ್ಕಿಲ್ಲ.
ಎರಡನೇ ಹಾಳೆ ಜಿಲ್ಲಾ ಕಚೇರಿಯ ಯಾವ ಮೇಜಿನಲ್ಲಿದೆಯೋ;
ನನಗೊಂದು ಮೆಮೊ ಬಂದಿದೆ.
ಪ್ರತಿ ಬುಧವಾರ ಹೋಗಿ ಹೇಳುತ್ತೇನೆ, ಸಿಕ್ಕಿಲ್ಲ ಎಂದು.
ಪ್ರತಿ ಬುಧವಾರ ಬೈಸಿಕೊಳ್ಳುತ್ತೇನೆ.
ಓಣಿಯ ನಾಲ್ಕು ಬಾಗಿಲು ತೆರೆದೇ ಇರುತ್ತವೆ,
ಬೈಗುಳ ಕೇಳಲಿಕ್ಕೆ.

ಈಗ ಬಂಗಡೆಗೆ ನೂರಿಪ್ಪತ್ತು ಅನ್ನುತ್ತಾಳೆ.
ಬೇರೆಯವರಿಗೆ ನೂರಲ್ಲವೇ, ಎಂದರೆ
‘ಪಗಾರ ಇದೆಯಲ್ಲ, ಕೊಡು.’
ನೂರಾಹತ್ತಕ್ಕೆ ಜಗ್ಗಿ ನಿಲ್ಲಿಸಿದೆ.
ಚಿಲ್ಲರೆ ಎಣಿಸಿ ಕೊಟ್ಟು, ಕೈ ಒರೆಸಿ,
ಬೀಟ್ ಪುಸ್ತಕ ಎಳೆದುಕೊಂಡು
ಆ ಕಾಲಮ್ಮಿನಲ್ಲಿ ಬರೆದಳು,
ಎರಡನೇ ಇಯತ್ತೆಯ ಮರಾಠಿ ಅಕ್ಷರ,
ನನಗೆ ಓದಲು ಬರದ ಸಹಿ;
ಮೂಲೆಯಲ್ಲೊಂದು ಮೀನಿನ ಹುರುಪೆ ಅಂಟಿಕೊಂಡಿದೆ,
ಕೀಳಲಿಲ್ಲ.

ನಿನ್ನೆ ಗಡಿಬಿಡಿಯಲ್ಲಿ ಮರೆತು
ರೋಹಿದಾಸನ ಎಡಗಡೆ ನಿಂತುಬಿಟ್ಟೆ.
ಏನೋ ಹೇಳುತ್ತಲೇ ಇದ್ದೆ.
ಅವನು ಬಲೆ ಕೆಳಗಿಟ್ಟು, ಮಣೆಯನ್ನು
ಮರಳಿನ ಮೇಲೆ ಗರ್ರನೆ ತಿರುಗಿಸಿ ಕೂತ:
‘ಹಾಂ. ಈಗ ಹೇಳು.’