ಹನ್ನೊಂದು ಗಂಟೆಗೆ ಹೋದವಳು

ನಗರಸಭೆಯ ಮೂರನೆಯ ಮಹಡಿ, ಕೋಣೆ ಮುನ್ನೂರ ಹನ್ನೆರಡು.
ಹೀಟರು ಕೆಮ್ಮುತ್ತದೆ. ಕಿಟಕಿಯಾಚೆ ಮೌಮೀ ನದಿ
ಅರ್ಧ ಹೆಪ್ಪುಗಟ್ಟಿ, ಅರ್ಧ ಹರಿಯಲೋ ಬೇಡವೋ ಎನ್ನುತ್ತ.
ನನ್ನ ಕೆಲಸ ಇಷ್ಟೇ:
ಒಂದೇ ಬಾಗಿಲಿಗೆ ಇಬ್ಬರನ್ನು ಕಳಿಸುವುದು.

ಇಬ್ಬರಿಗೂ ಒಂದೇ ಸಂಬಳ ಬರೆದುಕೊಡುತ್ತೇನೆ,
ನಾಯಿ ಇಲ್ಲ, ಸಿಗರೇಟಿಲ್ಲ, ಸಾಲದ ಬಾಕಿ ಇಲ್ಲ,
ಗಂಡ ಗಾಜಿನ ಕಾರ್ಖಾನೆಯಲ್ಲಿ, ಮಗುವಿಗೆ ಆರು ವರ್ಷ.
ಆ ಗಂಡನೂ ಆ ಮಗುವೂ ನನ್ನ ಟೈಪ್‌ರೈಟಿಂಗಿನಲ್ಲಿ ಹುಟ್ಟಿದವರು.
ಹತ್ತಕ್ಕೆ ಲವಿನಿಯಾ ಟಿಲ್ಮನ್,
ಹನ್ನೊಂದಕ್ಕೆ ಬ್ರಿಜಿಟ್ ನೊವಾಚೆಕ್.

ಹತ್ತಕ್ಕೆ "ಅಯ್ಯೋ, ನಿನ್ನೆ ತಾನೇ ಹೋಯಿತಲ್ಲಮ್ಮಾ" ಅಂದವನು
ಹನ್ನೊಂದಕ್ಕೆ ಅಡುಗೆಮನೆಯ ನಲ್ಲಿ ತಿರುಗಿಸಿ
ಬಿಸಿನೀರು ಎಷ್ಟು ಬೇಗ ಬರುತ್ತೆ ನೋಡಿ ಅಂದ.
ಆ ಬಿಸಿನೀರು ಈಗ ನಮ್ಮ ಕಡತದಲ್ಲಿದೆ,
ಸಾಕ್ಷಿ ಸಂಖ್ಯೆ ನಾಲ್ಕು.

ಬೈಯುವವರು ಈಗ ಯಾರೂ ಇಲ್ಲ.
ಎಲ್ಲರೂ ನಗುತ್ತಾರೆ. ಚಳಿ ಜಾಸ್ತಿ ಅಲ್ಲವೇ ಅನ್ನುತ್ತಾರೆ.
ನಗುವಿಗೆ ಫಾರ್ಮಿನಲ್ಲಿ ಜಾಗವಿಲ್ಲ,
ಅಂಚಿನಲ್ಲಿ ಲವಿನಿಯಾ ಪೆನ್ಸಿಲು ಹಿಡಿದು ಬರೆಯುತ್ತಾಳೆ:
"ತುಂಬ ಒಳ್ಳೆಯವನು. ಬಾಗಿಲ ಸರಪಳಿ ಮಾತ್ರ ತೆಗೆಯಲಿಲ್ಲ."

ಮಂಗಳವಾರ ಸಂಜೆ ಸಭೆ. ಗೋಡೆಗೆ ನಕ್ಷೆ.
ಹಳದಿ ಬಳಿದಲ್ಲೆಲ್ಲ ಕಾಲೆಕರೆಗೆ ಒಂದೇ ಮನೆ, ಒಂದೇ ಸಂಸಾರ.
ಯಾರ ಹೆಸರೂ ಬರೆದಿಲ್ಲ ಅಲ್ಲಿ, ಬರೀ ಅಡಿ, ಬರೀ ಗಜ.
"ಅಳತೆಪಟ್ಟಿಗೆ ಯಾವ ಜಾತಿ ಸ್ವಾಮಿ?" ಎಂದರು ವಕೀಲರು.
ಒಬ್ಬ ಮುದುಕ ಎದ್ದು ನಿಂತು
ತನ್ನ ಮೇಪಲ್ ಮರದ ನೆರಳಿಗಾಗಿ ನಿಜವಾಗಿಯೂ ಅತ್ತ.
ಏಳಕ್ಕೆ ಐದು ಮತ. ಮೂರು ಬೀದಿಯ ಹಳದಿ ಅಳಿಯಿತು.
ಹತ್ತೊಂಬತ್ತು ತಿಂಗಳಿಗೆ ಮೂರು ಬೀದಿ.

ನನ್ನ ಸ್ವಂತ ಮನೆಯ ಕ್ರಯಪತ್ರದಲ್ಲೂ ಇದೆ, ಎರಡನೆಯ ಪುಟ:
ಬಿಳಿಯರಲ್ಲದವರು ಇಲ್ಲಿ ರಾತ್ರಿ ತಂಗತಕ್ಕದ್ದಲ್ಲ,
ಮನೆಗೆಲಸದವರ ಹೊರತು.
ಅಳಿಸಿ ಎಂದು ಅರ್ಜಿ ಹಾಕಿದೆ.
ಅಳಿಸುವುದಿಲ್ಲವಂತೆ; ಪಕ್ಕಕ್ಕೊಂದು ಪುಟ ಹೊಲಿಯುತ್ತಾರಂತೆ,
ಈ ಮಾತು ಇನ್ನು ನಡೆಯದು ಎಂದು.

ಜನವರಿಯಲ್ಲಿ ಲವಿನಿಯಾ ಇದ್ದ ಕಟ್ಟಡ ಮಾರಾಟವಾಯಿತು.
ಶನಿವಾರ ತನಗಾಗಿಯೇ ಮನೆ ನೋಡಲು ಹೋದಳು,
ನೀಲಿ ಬಾಗಿಲು, ಮುಂದೆ ನಾಲ್ಕು ಮೆಟ್ಟಿಲು.
"ನಿನ್ನೆ ತಾನೇ ಹೋಯಿತು" ಅಂದರಂತೆ.
ಸೋಮವಾರ ಕಾಫಿ ಕಲಕುತ್ತ ಹೇಳಿದಳು,
ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿತ್ತು:
"ನಿಜಕ್ಕೂ ಮನೆ ಬೇಕಾಗಿ ಹೋದಾಗ
ಹನ್ನೊಂದಕ್ಕೆ ನನ್ನ ಹಿಂದೆ ಯಾರೂ ಬರೋದಿಲ್ಲವಲ್ಲ."

ನಿಯಮದ ಪ್ರಕಾರ ನಾನು ಹೋಗಬಾರದು.
ಹೋದೆ.
ನೀಲಿ ಬಾಗಿಲು ಹಾರುಹೊಡೆದಿತ್ತು. ಜಗುಲಿ ತುಂಬ ಡಬ್ಬಗಳು,
ಒಬ್ಬ ಹುಡುಗ ಹಲ್ಲಿನಿಂದ ಟೇಪು ಹರಿಯುತ್ತಿದ್ದ.
ಶುಕ್ರವಾರವೇ ಬಂದೆವು, ಅಂದಳು ಅವನ ತಾಯಿ,
ಬಾಣಲೆ ಯಾವ ಡಬ್ಬದಲ್ಲಿದೆಯೋ ಸಿಗುತ್ತಿಲ್ಲ ಎಂದು ನಕ್ಕಳು.
ನಾನು ದಾರಿ ತಪ್ಪಿ ಬಂದವಳಂತೆ
ಕ್ಷಮೆ ಕೇಳಿ ಮೆಟ್ಟಿಲಿಳಿದೆ.

"ಅವರು ಸುಳ್ಳು ಹೇಳಿರಲಿಲ್ಲ, ಲವಿನಿಯಾ. ನೋಡಿ ಬಂದೆ."
ಅವಳು ಏನೂ ಅನ್ನಲಿಲ್ಲ.
ಮನೆ ಮಾಲೀಕರ ಮುಖ ಓದುವ ಹಾಗೆ
ನನ್ನ ಮುಖವನ್ನು ಓದಿದಳು,
ಸರಪಳಿ ತೆಗೆದಿದೆಯೋ ಇಲ್ಲವೋ ಎಂದು.
ಆಮೇಲೆ ಕೈಚಾಚಿ
ಆ ದಿನದ ಹತ್ತು ಗಂಟೆಯ ವಿಳಾಸ ಕೇಳಿದಳು.