ಬಾಡಿಗೆ ಡೇರೆ

ಸೋಮವಾರ ಬೆಳಗ್ಗೆ ಹನ್ನೊಂದು ಡೇರೆ ವಾಪಸು ಬಂದವು.
ಒಂದರ ಜಿಪ್ಪು ಕಿತ್ತಿದೆ, ಎರಡಕ್ಕೆ ಗೂಟವಿಲ್ಲ.
ಕಲ್ಕೆರೆ ಏರಿಯ ಬೇಲಿಗೆ ಒಂದೊಂದೇ ಹರವಿ
ಕೊಡವುತ್ತೇನೆ:

ಬೂದಿ. ಚಕ್ಕುಲಿ ಚೂರು. ಒಂಟಿ ಕಾಲುಚೀಲ.
ಹೆಸರು ಗೊತ್ತಿಲ್ಲದ ಮರದ ಎಲೆ,
ಸೂಜಿಯಂಥದು, ಮೂಸಿದರೆ ಕರ್ಪೂರ.
ಕುಡಿದು ಉಬ್ಬಿ ಸತ್ತ ಜಿಗಣೆ,
ಅದರ ಹೊಟ್ಟೆಯಲ್ಲಿ ಯಾರದೋ ಶನಿವಾರ.

ಆ ಬೆಟ್ಟ ನಾನು ನೋಡಿದ್ದಲ್ಲ.
ಅಲ್ಲೂ ಒಂದು ಕೆರೆಯಂತೆ, ಕಾಡಿನ ನಟ್ಟನಡುವೆ,
ಸರ್ಕಾರದ್ದೇ ಜಾಗ, ತಲೆಗಿಷ್ಟು ಅಂತ ಚೀಟಿ.
ರಾತ್ರಿ ಮೀನು ಮಗ್ಗುಲಾದರೂ ದಡಕ್ಕೆ ಕೇಳುತ್ತದಂತೆ.
ಹಾಗೆಂದವರೇ ಅಡ್ವಾನ್ಸಿಗೆ ಜಗಳ ಆಡಿ ಹೋದರು.

ನಮ್ಮ ಕೆರೆಯ ಮೀನಿನ ಮಾತು ಯಾರಿಗೆ ಕೇಳಬೇಕು,
ಆಚೆ ದಡದಲ್ಲಿ ಕಾಂಕ್ರೀಟು ಕಲೆಸುತ್ತಿದ್ದಾರೆ.

ಒದ್ದೆ ಬಿಡದ ನೀಲಿ ಡೇರೆಯೊಂದನ್ನು
ಏರಿಯ ಮೇಲೇ ಎಬ್ಬಿಸಿ ನಿಲ್ಲಿಸಿದೆ.
ಪಂಪ್‌ಹೌಸಿನ ಮುನಿಯಲ್ಲಪ್ಪನ ಮೊಮ್ಮಗಳು
ಚಪ್ಪಲಿ ಬಿಟ್ಟು, ದೇವಸ್ಥಾನವೇನೋ ಎಂಬಂತೆ,
ಒಳಹೊಕ್ಕು ಜಿಪ್ಪು ಎಳೆದುಕೊಂಡಳು.
ಹೊರಗೆ ಹನ್ನೆರಡರ ಬಿಸಿಲು.
ಎಷ್ಟೋ ಹೊತ್ತು ಸದ್ದಿಲ್ಲ. ಆಮೇಲೆ:
‘ಮಾಮಾ, ಒಳಗಿನ್ನೂ ಚಳಿ ಐತೆ.’

ಐದಕ್ಕೆ ಇನ್ನೊಂದು ಪಾರ್ಟಿ ಬರುತ್ತದೆ, ಹನ್ನೊಂದೂ ಬೇಕು.
ಹತ್ತು ಮಡಚಿದೆ. ಗೂಟ ಎಣಿಸಿದೆ. ಮತ್ತೆ ಎಣಿಸಿದೆ.
ನೀಲಿಯದರ ಹತ್ತಿರ ಹೋಗಿ
ಬಟ್ಟೆಗೆ ಕಿವಿಯಿಟ್ಟು ನಿಂತೆ.