ಕಾಲ್ಪೋರ್ಟರ್

ಶಾಲೆಯ ರಿಜಿಸ್ಟರಿನಲ್ಲಿ ಅಪ್ಪನ ಹೆಸರಿನ ಮುಂದೆ
ಉದ್ಯೋಗ: ಕಾಲ್ಪೋರ್ಟರ್.
ಉಪ್ಪಳದ ಮಕ್ಕಳಿಗೆ ಪೋರ್ಟರ್ ಗೊತ್ತು, ಸ್ಟೇಷನ್ನಿನ ಕೆಂಪಂಗಿ;
ಕಾಲು ಗೊತ್ತು, ಕನ್ನಡಕ್ಕೂ ಮಲಯಾಳಕ್ಕೂ ಅದೇ ಕಾಲು.
ಅರ್ಥ ಸಲೀಸು:
ರೈಲು ಹೋಗದಲ್ಲಿಗೆ ನಡೆದು ಹೊರುವವ.

ಅಪ್ಪನೂ ಹಾಗೇ ಅಂದುಕೊಂಡಿದ್ದರು, ಎಲೀಷ ಸಾಲಿನ್ಸ್.
ಕೊರಳಿಗೆ ಜೋತ ಪೆಟ್ಟಿಗೆಯಲ್ಲಿ
ಸುವಾರ್ತೆ, ಮಗ್ಗಿ, ಎರಡಾಣೆಯ ನೀತಿಕತೆ.
ಶಿರಿಯದ ಕಡವಿನಿಂದ ಪೈವಳಿಕೆಯ ಗುಡ್ಡೆಯವರೆಗೆ
ಮಾರಿದ್ದಕ್ಕಿಂತ ಮರಳಿ ಹೊತ್ತದ್ದೇ ಹೆಚ್ಚು.

ದೊಡ್ಡ ನಿಘಂಟು ನನ್ನ ಕೈಗೆ ಬಂದದ್ದು ಐವತ್ತು ದಾಟಿದ ಮೇಲೆ.
ಫ್ರೆಂಚಿನಲ್ಲಿ ಕೋಲ್ ಅಂದರೆ ಕೊರಳಂತೆ.
ಕತ್ತಿನ ಮೇಲಿದ್ದ ಪಟ್ಟಿಯ ಕಪ್ಪು ಗೆರೆ ನೆನೆದು
ಹೌದೆಂದೆ.
ಕೆಳಗಿನ ಸಾಲು ಒಪ್ಪಲಿಲ್ಲ:
ಕೊರಳು ಆಮೇಲೆ, ಯಾರದೋ ಕಿವಿಯ ತಪ್ಪಿನಿಂದ ಸೇರಿದ್ದು.
ಲ್ಯಾಟಿನ್ ಬೇರಿನಲ್ಲಿ ಇದ್ದದ್ದು
ಕೂಡಿ ಹೊರುವುದು.

ಗುಡ್ಡೆಯ ಅರ್ಧದಲ್ಲೊಂದು ಹೊರೆಕಲ್ಲು.
ಅಪ್ಪ ಪೆಟ್ಟಿಗೆ ಇಳಿಸಿ ದಣಿವಾರಿಸಿ ಏಳುವಾಗ
ಮೀನಿನ ಸೀಂತು ತನ್ನ ಬುಟ್ಟಿ ಬಿಟ್ಟು ಬಂದು
ಒಂದು ಕೈ ಕೊಡುತ್ತಿದ್ದಳಂತೆ.
ಅಕ್ಷರ ಬಾರದವಳು,
ಒಂದು ಪುಸ್ತಕವನ್ನೂ ಕೊಂಡವಳಲ್ಲ.

ಮಾರಾಟವಾಗದೆ ಉಳಿದ ಮಗ್ಗಿಯೊಂದು ನನ್ನಲ್ಲಿದೆ.
ಹದಿಮೂರರ ಪುಟ ಮೂಸಿದರೆ
ಈಗಲೂ ತುಸು ಬಂಗುಡೆಯ ವಾಸನೆ.
ನನ್ನಾಕೆ ಮೂಸಿ ನೋಡಿ
ಬರೀ ಗೆದ್ದಲು ಅಂದಳು.